ಜೊತೆಗೆ ಬಂದವರು

ಪ್ರೊಲ್ಯಾಕ್ಟಿನ್ ಎನ್ನುವ ಹಾರ್ಮೋನು ಸ್ವಲ್ಪ ಪುಕ್ಕಲು ಸ್ವಭಾವದ್ದು. ಬಸ್ಸು ತಪ್ಪೀತೆಂದು ಓಡಿಬಂದರೆ ಏರುತ್ತದೆ, ಸೂಜಿ ಕಂಡು ಹೆದರಿದರೆ ಏರುತ್ತದೆ, ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದರಂತೂ ಕೇಳುವುದೇ ಬೇಡ. ಹಾಗಾಗಿ ನಮ್ಮ ಶಿಬಿರಕ್ಕೆ ಬಂದ ಹೆಂಗಸರ ರಕ್ತವನ್ನು ಬಂದ ಕೂಡಲೇ ತೆಗೆಯುತ್ತಿರಲಿಲ್ಲ. ಕೈಗೆ ಸಣ್ಣ ನಳಿಕೆ ಚುಚ್ಚಿ, ಪ್ಲಾಸ್ಟರ್ ಅಂಟಿಸಿ, ಅರ್ಧ ಗಂಟೆ ಬೆಂಚಿನ ಮೇಲೆ ಸುಮ್ಮನೆ ಕೂರಿಸುತ್ತಿದ್ದೆವು. ಮನಸ್ಸು ತಣಿದ ಮೇಲೆ ಅದೇ ನಳಿಕೆಯಿಂದ ರಕ್ತ. ಸುಮ್ಮನೆ ಕೂರಿ ಅಂದರೆ ನಮ್ಮ ಕಡೆಯ ಹೆಂಗಸರು ಸುಮ್ಮನೆ ಕೂರುತ್ತಾರೆಯೇ? ಮಾತಾಡುತ್ತಿದ್ದರು. ನಾನೂ ಒಂದು ಕುರ್ಚಿ ಎಳೆದುಕೊಂಡು ಕೂತು ಕೇಳುತ್ತಿದ್ದೆ. ಆ ಅರ್ಧ ಗಂಟೆಗಳಲ್ಲೇ ಒಂದರಲ್ಲಿ ನನಗೆ ಕಾಣಬೇಕಾಗಿದ್ದದ್ದು ಕಾಣಲಿಲ್ಲ.

ನಾವು ಹುಡುಕುತ್ತಿದ್ದದ್ದು ಪಿಟ್ಯುಟರಿ ಗಡ್ಡೆಯನ್ನು. ಪಿಟ್ಯುಟರಿ ಅಂದರೆ ಮೂಗಿನ ಬುಡದ ಹಿಂದೆ, ಮಿದುಳಿನ ಅಡಿಯಲ್ಲಿ ನೇತುಬಿದ್ದಿರುವ ಕಡಲೆಕಾಳಿನಷ್ಟು ಗ್ರಂಥಿ. ಬಾಣಂತಿಗೆ ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಅಲ್ಲಿಂದಲೇ ಬರುವುದು. ಅಲ್ಲೊಂದು ಗಡ್ಡೆ ಬೆಳೆದರೆ ಬಾಣಂತಿಯಲ್ಲದವರ ರಕ್ತದಲ್ಲೂ ಅದು ತುಂಬಿಕೊಳ್ಳುತ್ತದೆ. ಮುಟ್ಟು ನಿಲ್ಲುತ್ತದೆ, ಮಕ್ಕಳಾಗುವುದಿಲ್ಲ. ಕ್ಯಾನ್ಸರ್ ಅಲ್ಲ, ಹೆಚ್ಚಿನವರಿಗೆ ಮಾತ್ರೆಯಲ್ಲೇ ಕರಗುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕುಗಳಲ್ಲಿ ಮಕ್ಕಳಿಲ್ಲವೆಂದು ಹರಕೆ ಹೊತ್ತು ಅಲೆಯುವ ಹೆಂಗಸರಲ್ಲಿ ಎಷ್ಟು ಜನರಿಗೆ ನಿಜವಾಗಿ ಇದೇ ತೊಂದರೆ ಎಂಬುದು ನಮ್ಮ ಪ್ರಶ್ನೆ. ಮಕ್ಕಳಿಲ್ಲದವರು, ಮುಟ್ಟು ತಪ್ಪಿದವರು ರೋಗಿಗಳ ಸಾಲಿಗೆ. ಅವರೊಡನೆ ಹೋಲಿಸಿ ನೋಡಲು ಆರೋಗ್ಯವಂತರ ಇನ್ನೊಂದು ಸಾಲು ಬೇಕು.

ಆ ಎರಡನೆಯ ಸಾಲಿಗೆ ಜನ ಸಿಗುವುದೇ ಕಷ್ಟ. ಏನೂ ಆಗದವರು ಯಾಕೆ ಬಂದು ರಕ್ತ ಕೊಡುತ್ತಾರೆ? ಇದಕ್ಕೆ ಉಪಾಯ ಹೇಳಿದವಳು ನಾನು. ನಾನು ಸಾಗರದವಳು. ನಮ್ಮ ಕಡೆ ಯಾವ ಹೆಂಗಸೂ ಒಬ್ಬಳೇ ಆಸ್ಪತ್ರೆಗೆ ಹೋಗುವುದಿಲ್ಲ. ನಾದಿನಿಯೋ ಓರಗಿತ್ತಿಯೋ ಪಕ್ಕದ ಮನೆಯವರೋ ಜೊತೆಗೆ ಇದ್ದೇ ಇರುತ್ತಾರೆ. ಒಂದೇ ಊರಿನ ನೀರು, ಒಂದೇ ಮನೆಯ ಊಟ, ಹೆಚ್ಚುಕಡಿಮೆ ಒಂದೇ ವಯಸ್ಸು. ಇದಕ್ಕಿಂತ ಒಳ್ಳೆಯ ಹೋಲಿಕೆ ಎಲ್ಲಿ ಸಿಗುತ್ತದೆ? ಜೊತೆಗೆ ಬಂದವರ ರಕ್ತವನ್ನೂ ತೆಗೆದುಕೊಳ್ಳೋಣ ಅಂದೆ. ನಮ್ಮ ಪ್ರೊಫೆಸರ್ ಸಭೆಯಲ್ಲೇ ಬೆನ್ನು ತಟ್ಟಿದರು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ನಿಯಮವನ್ನೂ ಮಾಡಿದೆ: ಆರೋಗ್ಯವಂತ ಜೋಡಿ ಇಲ್ಲದೆ ಬಂದ ರೋಗಿಯನ್ನು ಮುಂದಿನ ಶಿಬಿರಕ್ಕೆ ಬರಹೇಳುವುದು.

ಇನ್ನೊಂದು ಏರ್ಪಾಡೂ ಇತ್ತು. ರೋಗಿಗಳ ರಕ್ತವನ್ನು ಆಯಾ ವಾರವೇ ಶಿವಮೊಗ್ಗದ ಲ್ಯಾಬಿನಲ್ಲಿ ಪರೀಕ್ಷಿಸುವುದು. ಜೊತೆಗೆ ಬಂದವರದ್ದನ್ನು ಡೀಪ್ ಫ್ರೀಜರಿನಲ್ಲಿಟ್ಟು, ಎಲ್ಲ ಶಿಬಿರಗಳೂ ಮುಗಿದ ಮೇಲೆ, ಒಂದೇ ಕಂತಿನಲ್ಲಿ ಬಂದ ಪರೀಕ್ಷಾ ಕಿಟ್‌ನಲ್ಲಿ, ಒಂದೇ ದಿನ ಪರೀಕ್ಷಿಸುವುದು. ಕಿಟ್ ಬದಲಾದರೆ ಅಂಕಿಗಳಲ್ಲಿ ಸಣ್ಣ ವ್ಯತ್ಯಾಸ ಬರುತ್ತದೆ, ಅದು ಬರಬಾರದು. ಆರೋಗ್ಯವಂತರ ರಕ್ತಕ್ಕೆ ಅವಸರವೇನು? ಇದೂ ನನ್ನದೇ ಮಾತು.

ಹೊಸನಗರದ ಶಿಬಿರಕ್ಕೆ ಅವರಿಬ್ಬರು ಬಂದದ್ದು ಸ್ಕೂಟರಿನಲ್ಲಿ. ಹಿಂದೆ ಕೂತಿದ್ದವಳು ರೋಗಿ, ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿಲ್ಲದವಳು. ಓಡಿಸುತ್ತಿದ್ದವರು ಅವಳ ಓರಗಿತ್ತಿ, ಭಾವನ ಹೆಂಡತಿ. ಆಸ್ಪತ್ರೆಯ ಗೇಟಿನೊಳಗೆ ತಿರುಗುವಾಗ ಸ್ಕೂಟರಿನ ಬಲಗಡೆಯ ಕನ್ನಡಿ ಕಂಬಕ್ಕೆ ತಾಗಿ ಕಳಚಿ ಬಿತ್ತು. ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ.

"ಅಕ್ಕ, ಇದು ಎರಡನೇ ಕನ್ನಡಿ!" ಅಂದಳು ಹಿಂದೆ ಕೂತವಳು.

"ಈ ಗೇಟು ಮೊನ್ನೆ ಇಲ್ಲಿರ್ಲಿಲ್ಲ ಮಾರಾಯ್ತಿ" ಎಂದು ಅವರು ನಗುತ್ತಲೇ ಕನ್ನಡಿಯನ್ನು ಎತ್ತಿಕೊಂಡು ಬ್ಯಾಗಿಗೆ ಹಾಕಿದರು.

ಬೆಂಚಿನ ಮೇಲೆ ಕೂರಿಸಿ ನಳಿಕೆ ಚುಚ್ಚುವಾಗ ಕೇಳಿದೆ, ಏನು ಕೆಲಸ ಮಾಡುತ್ತೀರಿ ಎಂದು. ಪೇಟೆಯ ಮೈದಾನದಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಾರಂತೆ. ಟೀಚರು, ನರ್ಸು, ಅಂಗನವಾಡಿಯವರು, ಮೊಮ್ಮಕ್ಕಳಾದವರೂ ಅವರ ಹತ್ತಿರ ಕಲಿತಿದ್ದಾರಂತೆ.

"ಕಲಿಸೋ ಮೇಡಂ ಅವರೇ ಗೇಟಿಗೆ ಗುದ್ದಿದ್ರೆ ಕಲಿಯೋರ ಗತಿ ಏನ್ರಿ?" ಅಂದೆ ನಾನು.

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವರೂ ಜೋರಾಗಿ ನಕ್ಕರು. ನಗುವಾಗ ಅವರು ಕತ್ತನ್ನು ಪೂರ್ತಿ ತಿರುಗಿಸಿ ಒಬ್ಬೊಬ್ಬರನ್ನೇ ನೋಡಿದರು. ಎಷ್ಟು ಗೆಲುವಿನ ಹೆಂಗಸು ಅಂದುಕೊಂಡೆ. ಮನಸ್ಸಿನಲ್ಲೇ ಅವರಿಗೆ ಸ್ಕೂಟರ್ ಅಕ್ಕ ಎಂದು ಹೆಸರಿಟ್ಟೆ.

ಜೋಡಿಯವರಿಗೆ ಕೇಳುವ ಪ್ರಶ್ನೆಗಳನ್ನು ಕೇಳಿದೆ. ತಲೆನೋವು? ಇಲ್ಲ. ಮುಟ್ಟು ಸರಿಯಾಗಿ ಆಗುತ್ತದೆಯೇ? "ಆಗ್ತದೆ." ಕಣ್ಣಿನ ತೊಂದರೆ? "ಇಲ್ಲ ಡಾಕ್ಟ್ರಮ್ಮ, ನಂಗೆಂತ ಆಗಿದೆ? ಇವಳದ್ದು ನೋಡಿ." ನಾನು ಆರೋಗ್ಯವಂತರು ಎಂದು ಬರೆದುಕೊಂಡು ಮುಂದಿನವರ ಕಡೆ ಹೋದೆ. ಅವರ ರಕ್ತ ಫ್ರೀಜರಿಗೆ ಹೋಯಿತು.

ರೋಗಿಯಾಗಿ ಬಂದಿದ್ದ ಅವರ ಓರಗಿತ್ತಿಯ ವರದಿ ಅದೇ ವಾರ ಬಂತು. ಪ್ರೊಲ್ಯಾಕ್ಟಿನ್ ಹೆಚ್ಚೇ ಇತ್ತು. ನಮಗೆಲ್ಲ ಒಳಗೊಳಗೇ ಖುಷಿ, ಹುಡುಕುತ್ತಿದ್ದದ್ದು ಸಿಕ್ಕಿತಲ್ಲ ಎಂದು. ತಲೆಯ ಎಂಆರ್‌ಐ ಮಾಡಿಸಲು ದಿನ ಗೊತ್ತುಮಾಡಿದೆವು. ಹಿಂದಿನ ದಿನ ಮತ್ತೊಮ್ಮೆ ಫೋನಿನಲ್ಲಿ ಕೇಳಿದೆ, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀಯಾ ಎಂದು.

"ಇಲ್ಲ ಡಾಕ್ಟ್ರೇ. ಬರೀ ಗ್ಯಾಸ್ಟ್ರಿಕ್ ಮಾತ್ರೆ."

ನಮ್ಮ ಜನಕ್ಕೆ ಗ್ಯಾಸ್ಟ್ರಿಕ್ ಮಾತ್ರೆ ಮಾತ್ರೆಯ ಲೆಕ್ಕಕ್ಕೇ ಇಲ್ಲ. ಕಾಫಿಗೆ ಮುಂಚೆ ಅದು, ಆಮೇಲೆ ಬೇರೆಲ್ಲ. ಅವಳು ನುಂಗುತ್ತಿದ್ದ ಮಾತ್ರೆಯಲ್ಲಿ ವಾಂತಿ ತಡೆಯುವ ಒಂದು ಮದ್ದೂ ಸೇರಿತ್ತು, ಅದು ಪ್ರೊಲ್ಯಾಕ್ಟಿನ್ ಅನ್ನು ಏರಿಸುತ್ತದೆ. ಮಾತ್ರೆ ನಿಲ್ಲಿಸಿ ಮತ್ತೆ ರಕ್ತ ನೋಡಿದೆವು. ಅಂಕಿ ತನ್ನ ಪಾಡಿಗೆ ಇಳಿದು ಕೂತಿತ್ತು. ಗಡ್ಡೆ ಇಲ್ಲ, ಏನೂ ಇಲ್ಲ. ಅವಳನ್ನು ಬೇರೆ ತಜ್ಞರ ಬಳಿಗೆ ಕಳಿಸಿದೆವು. ಪ್ರಶ್ನೆ ಕೇಳುವ ರೀತಿಯಲ್ಲೇ ತಪ್ಪಿದೆ ಎಂದು ಆಗ ಗೊತ್ತಾಯಿತು. ರೋಗಿಗಳ ಪ್ರಶ್ನೆಗಳನ್ನು ತಿದ್ದಿದೆ. ಜೊತೆಗೆ ಬಂದವರ ಪ್ರಶ್ನೆಗಳನ್ನು ಮುಟ್ಟಲಿಲ್ಲ.

ಮಳೆ ಹಿಡಿಯಿತು. ಸಾಗರದ ಶಿಬಿರಗಳು ಮುಗಿದಿದ್ದವು. ತೀರ್ಥಹಳ್ಳಿಯವು ಉಳಿದಿದ್ದವು. ಅಲ್ಲಿ ಮೇಳಿಗೆಯ ಕಡೆ ಗುಡ್ಡದ ಧರೆ ಜರಿದು ರಸ್ತೆ ಕಟ್ಟಿತು, ಶಿಬಿರ ಮುಂದಕ್ಕೆ ಹೋಯಿತು. ರಸ್ತೆ ಸರಿಯಾಗುವಷ್ಟರಲ್ಲಿ ಗದ್ದೆ ನಾಟಿ ಶುರುವಾಗಿ ಹೆಂಗಸರು ಸಿಗಲಿಲ್ಲ, ಮತ್ತೆ ಮುಂದಕ್ಕೆ. ಕೊನೆಯ ಶಿಬಿರ ಮುಗಿಯುವವರೆಗೆ ಫ್ರೀಜರಿನ ಪೆಟ್ಟಿಗೆಗಳನ್ನು ತೆರೆಯುವಂತಿರಲಿಲ್ಲ. ಕರೆಂಟು ಹೋದಾಗೆಲ್ಲ ಜನರೇಟರ್ ಹಚ್ಚಿದರೋ ಇಲ್ಲವೋ ಎಂದು ನಾನು ಲ್ಯಾಬಿಗೆ ಫೋನ್ ಮಾಡಿ ಪ್ರಾಣ ತಿನ್ನುತ್ತಿದ್ದೆ. ಆ ರಕ್ತದ ಬಗ್ಗೆ ನನಗೆ ಅಷ್ಟು ಕಾಳಜಿ. ಆ ರಕ್ತ ಯಾರದ್ದೋ ಅವರ ಬಗ್ಗೆ ಇರಲಿಲ್ಲ.

ಆ ಮಳೆಯ ನಡುವೆ ಒಂದು ಮಧ್ಯಾಹ್ನ ಓರಗಿತ್ತಿ ಫೋನ್ ಮಾಡಿದಳು.

"ಡಾಕ್ಟ್ರೇ, ಅಕ್ಕನ ರಿಪೋರ್ಟ್ ಬಂತಾ?"

"ಅವರು ಆರೋಗ್ಯವಾಗಿದ್ದಾರಲ್ಲಮ್ಮ. ಅವರದ್ದು ಕೊನೆಗೆ ಬರ್ತದೆ."

"ಅಲ್ಲ, ಅವ್ರಿಗೆ ಈಗೀಗ ತಲೆನೋವು ಜಾಸ್ತಿ. ಮೊನ್ನೆ ಕಲಿಸ್ತಾ ಇರ್ಬೇಕಾದ್ರೆ ಬಲಗಡೆಯಿಂದ ಆಟೋ ಬಂದಿದ್ದು ಕಾಣ್ಲೇ ಇಲ್ಲಂತೆ. ಕಲಿಯೋಕೆ ಬಂದೋರು ಬಿದ್ದು ಕೈ ಉಳುಕ್ತು. ಈಗ ಕ್ಲಾಸಿಗೂ ಜನ ಕಮ್ಮಿ ಆಗಿದಾರೆ. ನಿಮ್ಮ ಹತ್ರ ಕೇಳಿ ಅಂದೆ, ಬ್ಯಾಡ ಅಂತಾರೆ. ಅದ್ಕೆ ನಾನೇ ಮಾಡ್ದೆ."

ಈ ಮಾತನ್ನು ನಾನು ಈಗ ನೂರು ಸಲ ನೆನಪಿಸಿಕೊಂಡಿದ್ದೇನೆ. ತಲೆನೋವು, ಪಕ್ಕದಿಂದ ಬಂದದ್ದು ಕಾಣದಿರುವುದು, ಇಷ್ಟನ್ನು ಪರೀಕ್ಷೆಯಲ್ಲಿ ಕೇಳಿದರೆ ನನ್ನ ವಿದ್ಯಾರ್ಥಿಗಳು ನಿದ್ದೆಗಣ್ಣಿನಲ್ಲೂ ಪಿಟ್ಯುಟರಿ ಗಡ್ಡೆ ಎಂದು ಬರೆಯುತ್ತಾರೆ. ಗಡ್ಡೆ ಮೇಲಕ್ಕೆ ಬೆಳೆದರೆ ಅಲ್ಲಿ ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗವಿದೆ, ಅದನ್ನು ಒತ್ತುತ್ತದೆ. ಎದುರಿನದು ಚೆನ್ನಾಗಿ ಕಾಣುತ್ತದೆ, ಎಡಬಲದ ಅಂಚು ಮಾಸುತ್ತಾ ಬರುತ್ತದೆ. ಇದನ್ನೇ ಪಾಠ ಮಾಡುವ ನಾನು, "ವಯಸ್ಸು ನಲವತ್ತಾಯ್ತಲ್ಲ, ಕನ್ನಡಕ ಬೇಕಾಗಿರತ್ತೆ. ಕಣ್ಣಿನ ಡಾಕ್ಟರಿಗೆ ತೋರಿಸಿ" ಎಂದು ಫೋನ್ ಇಟ್ಟೆ. ಅವರ ಹೆಸರು ಆರೋಗ್ಯವಂತರ ಸಾಲಿನಲ್ಲಿತ್ತು. ನನ್ನ ತಲೆ ಆ ಸಾಲಿನಿಂದ ಈಚೆ ಬರಲೇ ಇಲ್ಲ.

ಇಲ್ಲ, ಪೂರ್ತಿ ಹಾಗೂ ಅಲ್ಲ. ಫೋನ್ ಇಟ್ಟ ಮೇಲೆ ಒಂದು ಕ್ಷಣ ಅನ್ನಿಸಿತ್ತು, ಅವರದೊಂದು ಸೀಸೆ ತೆಗೆದು ನೋಡಿಸಿಬಿಡಲೇ ಎಂದು. ಒಂದು ತೆಗೆದರೆ ಪೆಟ್ಟಿಗೆ ತೆರೆಯಬೇಕು, ಕ್ರಮ ಕೆಡುತ್ತದೆ, ಯಾಕೆ ತೆಗೆದಿರಿ ಎಂದು ಕೇಳುತ್ತಾರೆ. ಬೇಡ ಅಂದುಕೊಂಡೆ.

ಕೊನೆಗೂ ತೀರ್ಥಹಳ್ಳಿಯ ಶಿಬಿರಗಳು ಮುಗಿದವು. ಫ್ರೀಜರಿನ ಪೆಟ್ಟಿಗೆಗಳು ಹೊರಬಂದವು. ಸೀಸೆಗಳಲ್ಲಿ ಹೆಪ್ಪುಗಟ್ಟಿದ್ದದ್ದನ್ನು ಕರಗಿಸಿ, ಗರಗರ ತಿರುಗಿಸಿ, ಪರೀಕ್ಷೆಯ ಯಂತ್ರಕ್ಕೆ ಕೊಟ್ಟೆವು. ಸಂಜೆಗೆ ಅಂಕಿಗಳು ಬಂದವು. ಎಲ್ಲರದ್ದೂ ಇರಬೇಕಾದ ಮಟ್ಟದಲ್ಲೇ ಇತ್ತು. ಹೊಸನಗರದ ಒಂದೇ ಒಂದು ಸ್ವಲ್ಪ ಮೇಲೆ.

"ಇದೊಂದು ಗಾಬರಿ ಕೇಸು ಮೇಡಂ" ಅಂದರು ಲ್ಯಾಬ್ ಟೆಕ್ನಿಷಿಯನ್. "ಸೂಜಿ ನೋಡಿ ಹೆದರಿರ್ತಾರೆ. ಬಿಟ್ಬಿಡೋಣ."

ಬಿಡಬಹುದಾಗಿತ್ತು. ಅಷ್ಟು ಏರುಪೇರು ಮಾಮೂಲು. ಆದರೆ ಸಂಖ್ಯೆಯ ಎದುರಿನ ಹೆಸರು ನೋಡಿದೆ. ಗಾಬರಿ? ಬೆಂಚಿನ ಮೇಲಿದ್ದ ಅಷ್ಟೂ ಜನರನ್ನು ನಗಿಸಿದ ಹೆಂಗಸಿಗೆ? ಆಗ ಕಳಚಿ ಬಿದ್ದ ಆ ಕನ್ನಡಿ ನೆನಪಾಯಿತು. ಬಲಗಡೆಯದು. ಆಟೋ ಬಂದದ್ದೂ ಬಲಗಡೆಯಿಂದ. ಕತ್ತನ್ನು ಪೂರ್ತಿ ತಿರುಗಿಸಿ ಒಬ್ಬೊಬ್ಬರನ್ನೇ ನೋಡಿದ್ದು.

ಈ ಪರೀಕ್ಷೆಗೆ ಒಂದು ದೌರ್ಬಲ್ಯವಿದೆ. ಹಾರ್ಮೋನು ವಿಪರೀತ ಇದ್ದರೆ ಅಂಕಿ ಹೆಚ್ಚು ಬರುವ ಬದಲು ಕಡಿಮೆ ಬರುತ್ತದೆ. ಮದುವೆ ಮನೆಯ ಪಂಕ್ತಿಗೆ ಹತ್ತು ಪಟ್ಟು ಜನ ನುಗ್ಗಿದರೆ ನೂಕುನುಗ್ಗಲಲ್ಲಿ ಯಾರಿಗೂ ಸರಿಯಾಗಿ ಕೂರಲಾಗುವುದಿಲ್ಲ. ಎಲೆಗಳ ಮುಂದೆ ಕೂತವರನ್ನು ಮಾತ್ರ ಎಣಿಸಿದರೆ ಜನವೇ ಬಂದಿಲ್ಲ ಅನ್ನಿಸುತ್ತದೆ. ನಿಜ ತಿಳಿಯಬೇಕೆಂದರೆ ರಕ್ತದ ದ್ರವವನ್ನು ನೂರು ಪಟ್ಟು ತೆಳುಮಾಡಿ ಮತ್ತೆ ಪರೀಕ್ಷಿಸಬೇಕು.

"ತೆಳು ಮಾಡಿ ನೋಡಿ" ಅಂದೆ.

"ಆರೋಗ್ಯವಂತರದ್ದಲ್ವಾ ಮೇಡಂ?"

"ಹಾಗಂತ ನಾನು ಬರೆದಿದ್ದೀನಿ. ನೋಡಿ."

ಯಂತ್ರದ ಪಕ್ಕದಲ್ಲೇ ನಿಂತಿದ್ದೆ. ಅಂಕಿ ಬಂದಾಗ ಟೆಕ್ನಿಷಿಯನ್ ಯಂತ್ರವನ್ನೇ ಸಂಶಯದಿಂದ ನೋಡಿದರು. ಇಡೀ ಅಧ್ಯಯನದಲ್ಲಿ, ರೋಗಿಗಳ ಸಾಲನ್ನೂ ಸೇರಿಸಿ, ಅಷ್ಟು ದೊಡ್ಡ ಅಂಕಿ ಇನ್ನೊಂದಿರಲಿಲ್ಲ.

ಪ್ರೊಫೆಸರಿಗೆ ಹೇಳಿದೆ. ಅಧ್ಯಯನ ಪೂರ್ತಿ ಮುಗಿಯದೆ ವರದಿ ಕೊಡಬಾರದು ಎನ್ನುತ್ತಾರೇನೋ ಎಂದು ವಾದಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವರು, "ಮೊದಲು ಅವರಿಗೆ ಫೋನ್ ಮಾಡಮ್ಮ, ಇಲ್ಲಿ ಯಾಕೆ ನಿಂತಿದ್ದೀಯ?" ಅಂದರು. ಮಳೆಗಾಲದಲ್ಲೇ ಕೇಳಿದ್ದರೂ ಹೀಗೇ ಹೇಳುತ್ತಿದ್ದರು. ಅಡ್ಡ ಬಂದವರು ಯಾರೂ ಇರಲಿಲ್ಲ, ನನ್ನನ್ನು ಬಿಟ್ಟು.

ಮರುದಿನ ಇಬ್ಬರೂ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬಂದರು. ಈ ಸಲ ಓರಗಿತ್ತಿ ಜೊತೆಗೆ ಬಂದವಳು. ಸ್ಕೂಟರ್ ಅಕ್ಕನ ಮುಖದ ಮೇಲೆ ಹೊಸ ಕನ್ನಡಕವಿತ್ತು. "ನೀವು ಹೇಳಿದ್ರಲ್ಲ, ಹಾಕಿಸ್ದೆ. ಅಂಥಾ ವ್ಯತ್ಯಾಸ ಎಂತದೂ ಆಗ್ಲಿಲ್ಲ" ಅಂದರು.

ಎದುರು ಕೂರಿಸಿ, ಕನ್ನಡಕ ತೆಗೆಸಿ, ನನ್ನ ಮೂಗನ್ನೇ ನೋಡಿ ಅಂದೆ. ನನ್ನ ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ಬೆರಳು ಅಲ್ಲಾಡಿಸುತ್ತಾ ನಿಧಾನವಾಗಿ ಒಳಗೆ ತಂದೆ. "ಬೆರಳು ಕಂಡ ಕೂಡ್ಲೇ ಹೇಳಿ."

ಅವರು ಹೇಳಲಿಲ್ಲ. ಕೈ ಭುಜದ ನೇರಕ್ಕೆ ಬಂತು, ಹೇಳಲಿಲ್ಲ. ಹೆಚ್ಚುಕಡಿಮೆ ನನ್ನ ಕಿವಿಯ ಹತ್ತಿರ ಬಂದಾಗ, "ಹಾಂ, ಈಗ" ಅಂದರು.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಓರಗಿತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಈ ಪರೀಕ್ಷೆಗೆ ಯಂತ್ರ ಬೇಡ, ಕರೆಂಟು ಬೇಡ, ಒಂದು ನಿಮಿಷ ಸಾಕು. ಹೊಸನಗರದ ಬೆಂಚಿನ ಮೇಲೆ ಅವರು ಅರ್ಧ ಗಂಟೆ ನನ್ನ ಎದುರು ಕೂತಿದ್ದರು.

"ಮುಟ್ಟು ಸರಿ ಇದೆ ಅಂದಿದ್ರಲ್ಲ?" ಎಂದು ಕೇಳಿದೆ.

ಅವರು ಓರಗಿತ್ತಿಯ ಕಡೆ ಒಮ್ಮೆ ತಿರುಗಿ ನೋಡಿ ಹೇಳಿದರು: "ನಿಂತು ವರ್ಷದ ಮೇಲಾಗಿತ್ತು. ಆಗ್ಲಿ, ಬೇಗ ಮುಗೀತು ಪೀಡೆ ಅಂದ್ಕೊಂಡಿದ್ದೆ. ನಂಗೂ ತೊಂದ್ರೆ ಅಂದ್ರೆ ಜೋಡಿ ಆಗಲ್ಲ, ಇವಳನ್ನ ವಾಪಸ್ ಕಳಿಸ್ತೀರಿ ಅಂತ ನಿಮ್ಮ ನರ್ಸು ಹೇಳಿದ್ರು. ಇವಳು ಆವತ್ತಿಗಾಗಿ ಎಷ್ಟು ದಿನದಿಂದ ಕಾಯ್ತಿದ್ಲು. ಹೆಂಗೆ ಹೇಳ್ಲಿ?"

ನನ್ನ ಅಮ್ಮ ಹೀಗೇ ಇದ್ದಳು. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ತನ್ನ ಮೈ ಜ್ವರದಲ್ಲಿ ಸುಡುತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಜೊತೆಗೆ ಹೋದವರು ತಮ್ಮ ನೋವು ಹೇಳಿಕೊಳ್ಳುವುದು ನಮ್ಮ ಕಡೆ ಮರ್ಯಾದೆಯಲ್ಲ. ಹೆಂಗಸರು ಒಬ್ಬರೇ ಬರುವುದಿಲ್ಲ ಎಂಬುದು ನನಗೆ ನೆನಪಿತ್ತು, ಉಪಯೋಗಕ್ಕೆ ಬಂತಲ್ಲ. ಈ ಇನ್ನೊಂದು ನೆನಪಾಗಲಿಲ್ಲ.

ಎಂಆರ್‌ಐಯಲ್ಲಿ ಗಡ್ಡೆ ನೆಲ್ಲಿಕಾಯಿಯಷ್ಟಿತ್ತು. ವಾರಕ್ಕೆರಡು ಮಾತ್ರೆ ಶುರುಮಾಡಿದೆವು. ಈ ಜಾತಿಯ ಗಡ್ಡೆಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಬೇಗನೇ ತಲೆನೋವು ಹೋಯಿತು. ಹಾರ್ಮೋನು ಇಳಿಯಿತು, ಗಡ್ಡೆ ಕುಗ್ಗಿತು. ಎಡಗಣ್ಣಿನ ನೋಟದ ಅಂಚು ಪೂರ್ತಿ ಮರಳಿತು. ಬಲಗಣ್ಣಿನದು ಅರ್ಧ ದಾರಿಗೆ ಬಂದು ನಿಂತಿತು. ಕಣ್ಣಿನ ತಜ್ಞರು ಯಂತ್ರದಲ್ಲಿ ಗಲ್ಲ ಇಡಿಸಿ, ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತಿಸಿ, ಎರಡೆರಡು ಸಲ ನೋಡಿದರು. "ನರ ಬಹಳ ಕಾಲ ಒತ್ತಡದಲ್ಲಿತ್ತು. ಬಲಗಡೆ ಇಷ್ಟೇ. ಸ್ವಲ್ಪ ಮೊದಲು ಬಂದಿದ್ದರೆ..." ಅಂದರು. ಸ್ವಲ್ಪ ಅಂದರೆ ಎಷ್ಟು ಎಂದು ನಾನು ಕೇಳಲಿಲ್ಲ.

ವಿಭಾಗದಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ತೆಳು ಮಾಡಿಸಿ ನೋಡುವುದು ನನಗೆ ಹೊಳೆಯಿತಲ್ಲ, ಇಲ್ಲದಿದ್ದರೆ ಆಕೆ ಕುರುಡಾಗುತ್ತಿದ್ದರು ಎಂದು. ಓರಗಿತ್ತಿ ಒಂದು ಡಬ್ಬಿ ತುಂಬ ಅಪ್ಪೆಮಿಡಿ ಉಪ್ಪಿನಕಾಯಿ ತಂದುಕೊಟ್ಟು, "ನೀವು ದೇವ್ರು ಬಂದಂಗೆ ಬಂದ್ರಿ" ಅಂದಳು. ಅವಳು ಮಾಡಿದ ಫೋನು ಅವಳಿಗೆ ಮರೆತುಹೋಗಿತ್ತೋ, ಮರೆತಂತೆ ಇದ್ದಳೋ ತಿಳಿಯದು. ಆ ಡಬ್ಬಿ ಬಹಳ ದಿನ ನನ್ನ ಮೇಜಿನ ಕೆಳಗೇ ಇತ್ತು. ಮನೆಗೆ ಒಯ್ಯಲು ಮುಖವಿರಲಿಲ್ಲ.

ಮುಂದಿನ ತಪಾಸಣೆಗೆ ಸ್ಕೂಟರ್ ಅಕ್ಕ ಬಂದಾಗ ಹೊರಗಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ರಕ್ತ ಇಡೀ ಮಳೆಗಾಲ ಫ್ರೀಜರಿನಲ್ಲಿದ್ದದ್ದು, ಫೋನು ಬಂದದ್ದು, ಒಂದು ಸೀಸೆ ತೆಗೆಯಲೇ ಎಂದು ಯೋಚಿಸಿ ಬಿಟ್ಟದ್ದು. ಅವರು ಒಂದೇ ಮಾತು ಕೇಳಿದರು.

"ಆ ಮಳೆಗಾಲದಾಗೇ ನೋಡಿದ್ರೆ ಬಲಗಡೆನೂ ಬರ್ತಿತ್ತಾ?"

"ಬರ್ತಿತ್ತೇನೋ. ಖಂಡಿತ ಅಂತ ಹೇಳಕ್ಕಾಗಲ್ಲ."

"ಹೂಂ" ಅಂದರು. ಬ್ಯಾಗನ್ನು ಹೆಗಲಿಗೆ ಹಾಕಿಕೊಳ್ಳುತ್ತಾ, "ನಾನೂ ಸುಳ್ಳು ಹೇಳಿದ್ನಲ್ಲ, ಬಿಡಿ" ಅಂದರು. ಸಮಾಧಾನ ಮಾಡುವ ದನಿ ಅದಲ್ಲ, ಮಾತು ಮುಗಿಸುವ ದನಿ. ಅವರ ಸುಳ್ಳಿನಿಂದ ಇನ್ನೊಬ್ಬಳಿಗೆ ಒಳ್ಳೆಯದಾಗಲಿ ಎಂದಿತ್ತು. ನನ್ನ ಮೌನದಿಂದ ನನ್ನ ಕೋಷ್ಟಕ ಚೆನ್ನಾಗಿ ಬರಲಿ ಎಂದಿತ್ತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಅವರು ಎದ್ದುಹೋದರು, ನನಗೆ ಹಾಗೆ ಹಾಕಲು ಬರುವುದಿಲ್ಲ.

ಮುಂದಿನ ಸುತ್ತಿನ ಶಿಬಿರಗಳಿಗೆ ಜೋಡಿಯ ನಿಯಮವನ್ನು ತೆಗೆದುಹಾಕಿದೆ. ಜೊತೆಗೆ ಬಂದವರನ್ನು ಈಗ ಬೇರೆಯಾಗಿ ಕೂರಿಸಿ, ಬೆರಳು ಅಲ್ಲಾಡಿಸಿಯೇ ಮಾತು ಶುರುಮಾಡುವುದು. ಅವರ ರಕ್ತವೂ ಆಯಾ ವಾರವೇ ಪರೀಕ್ಷೆಯಾಗುತ್ತದೆ.

ಕಳೆದ ತಿಂಗಳು ಹೊಸನಗರಕ್ಕೆ ಹೋದಾಗ ಮೈದಾನದ ಪಕ್ಕದಲ್ಲಿ ಜೀಪು ನಿಲ್ಲಿಸಿದೆ. ಸ್ಕೂಟರ್ ಅಕ್ಕ ಕಲಿಸುವುದನ್ನು ಬಿಟ್ಟಿರಬಹುದು ಅಂದುಕೊಂಡಿದ್ದೆ. ಬಿಟ್ಟಿರಲಿಲ್ಲ. ಈಗ ತಾವು ಓಡಿಸುವುದಿಲ್ಲ, ಹಿಂದಿನ ಸೀಟಿನಲ್ಲೂ ಕೂರುವುದಿಲ್ಲ, ಸ್ಕೂಟರಿನ ಪಕ್ಕದಲ್ಲಿ ನಡೆಯುತ್ತಾರೆ. ಹೊಸದಾಗಿ ಕಲಿಯುತ್ತಿದ್ದ ಹೆಂಗಸೊಬ್ಬಳು ಜೋರಾಗಿ ಕೂಗುತ್ತಾ ಬರುತ್ತಿದ್ದಳು: "ಎಡಗಡೆ ಕಲ್ಲು! ಬಲಗಡೆ ದನ! ಬಲಗಡೆ ಖಾಲಿ!"

ಸರದಿಗಾಗಿ ಕಾಯುತ್ತಿದ್ದ ಇನ್ನೊಬ್ಬಳನ್ನು ಇದೇನಮ್ಮ ಎಂದು ಕೇಳಿದೆ.

"ಮೇಡಂ ಹಂಗೇ ಕಲ್ಸೋದು. ಎರಡೂ ಕಡೆ ಎಂತ ಇದೆ ಅಂತ ಬಾಯಿಬಿಟ್ಟು ಹೇಳ್ತಾ ಓಡಿಸ್ಬೇಕು. ಭಾರಿ ಒಳ್ಳೇ ಮೆಥಡ್ಡು. ಬೇರೆ ಎಲ್ಲೂ ಹಿಂಗೆ ಕಲ್ಸಲ್ಲ."

ನಾನು ಅವರ ಬಲಗಡೆ, ಕೆಲವೇ ಮಾರು ದೂರದಲ್ಲಿ ನಿಂತಿದ್ದೆ. ಅವರ ಮುಖ ನೇರ ಮುಂದಕ್ಕಿತ್ತು. ನಾನು ಕೈ ಎತ್ತಿದೆ. ಅವರು ನಡೆಯುತ್ತಲೇ ಇದ್ದರು. ಇನ್ನೂ ಹತ್ತಿರ ಬಂದರು. ನಾನು ಎತ್ತಿದ ಕೈಯನ್ನು ಇಳಿಸಲೂ ಆಗದೆ ನಿಂತಿದ್ದೆ.

"ಬಲಗಡೆ ಯಾರೋ ಒಬ್ರು ನಿಂತಿದಾರೆ!" ಎಂದು ಸ್ಕೂಟರಿನ ಮೇಲಿದ್ದವಳು ಕೂಗಿದಳು.

ಆಗ ಅವರು ಕತ್ತನ್ನು ಪೂರ್ತಿ ತಿರುಗಿಸಿ ನನ್ನನ್ನು ನೋಡಿದರು.